ಏಳು ಮಿಲಿಮೀಟರ್ ಕೊರಳು

ನೆಕ್ ಡೈ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ದುಬೈಯ ಜೆಬೆಲ್ ಅಲಿಯ ನಮ್ಮ ಟೂಲ್ ರೂಮಿನಲ್ಲಿ, ಊಟದ ಡಬ್ಬಿ ತೆರೆದು ಕೂತಿದ್ದಾಗ. ಫೋರ್‌ಮನ್ ಒಂದು ಪೊಟ್ಟಣ ತಂದು ಮೇಜಿನ ಮೇಲಿಟ್ಟು, ಅಬುಧಾಬಿ ಆಚೆಯ ಶೂಟಿಂಗ್ ಕ್ಲಬ್ಬಿನದು, ಇದನ್ನು ಬೇರೊಂದು ಬಂದೂಕಿನ ತೋಟೆಗೆ ಹೊಂದಿಸಿಕೊಡಬೇಕಂತೆ, ನೀನೇ ಹೋಗಿ ಬಾ ಎಂದ. ಬಿಚ್ಚಿ ನೋಡಿದೆ. ಹೆಬ್ಬೆರಳಿಗಿಂತ ತುಸು ದಪ್ಪನೆಯ ಉಕ್ಕಿನ ಕೊಳವೆ, ಹೊರಗೆಲ್ಲ ಥ್ರೆಡ್ಡು, ಒಳಗೆ ಸಣ್ಣ ಸೀಸೆಯ ಆಕಾರದ ಪೊಳ್ಳು. ಊರಲ್ಲಿದ್ದಾಗ ಬೈಕಂಪಾಡಿಯ ಒಂದು ಕಾರ್ಖಾನೆಗೆ ಸ್ಟೀಲ್ ಲೋಟ, ಚೊಂಬುಗಳ ತಗಡು ಎಳೆಯುವ ಅಚ್ಚು, ಅಂದರೆ ಡೈ, ಮಾಡಿಕೊಟ್ಟವನು ನಾನು. ಇದೇನು ಮಹಾ ಕೆಲಸ ಅನ್ನಿಸಿತು. ಅನ್ನ ತಣ್ಣಗಾಗುವುದರೊಳಗೆ ಮನಸ್ಸಿನಲ್ಲೇ ಅರ್ಧ ಕೆಲಸ ಮುಗಿಸಿಬಿಟ್ಟಿದ್ದೆ.

ಕ್ಲಬ್ ಇದ್ದದ್ದು ಮದೀನತ್ ಜಾಯೆದ್ ಕಡೆಗೆ ಹೋಗುವ ರಸ್ತೆಯಿಂದ ಒಳಗೆ, ಮರಳಿನ ನಡುವೆ. ಕಂಪನಿಯ ಪಿಕಪ್ ನನ್ನನ್ನೂ ಒಂದು ಸಣ್ಣ ಲೇತನ್ನೂ ಅಲ್ಲಿ ಇಳಿಸಿ ಹೋಯಿತು. ಕೆಲಸ ಮುಗಿಯುವವರೆಗೆ ಅಲ್ಲಿಯೇ ಒಂದು ಪೋರ್ಟಕ್ಯಾಬಿನ್ನಿನಲ್ಲಿ ವಾಸ. ಆಯುಧ ಕೋಣೆ ನೋಡಿಕೊಳ್ಳುತ್ತಿದ್ದವರು ಪಾಕಿಸ್ತಾನದ ಸೈನ್ಯದಿಂದ ನಿವೃತ್ತರಾದ ಸುಬೇದಾರರು. ಬಿಳಿ ಮೀಸೆ, ಇಸ್ತ್ರಿ ಮಾಡಿದ ಅಂಗಿ, ಮಾತು ಕಡಿಮೆ. ನನ್ನನ್ನು ಮೊದಲ ದಿನದಿಂದಲೇ 'ಬೇಟಾ' ಎಂದರು. ಅವರ ಉರ್ದು, ನನ್ನ ಮಂಗಳೂರು ಹಿಂದಿ, ಇಬ್ಬರಿಗೂ ಸಾಕಾಗುತ್ತಿತ್ತು.

ಪಾಠ ಶುರುವಾದದ್ದು ಒಂದು ಖಾಲಿ ಹಿತ್ತಾಳೆ ಕೇಸಿನಿಂದ. ತೋಟೆ ಅಂದರೆ ಈ ಸೀಸೆ, ಅದರ ಹೊಟ್ಟೆಯಲ್ಲಿ ಮದ್ದು, ಬುಡದಲ್ಲಿ ಕಿಡಿ ಹಚ್ಚುವ ಪ್ರೈಮರ್, ಬಾಯಲ್ಲಿ ಕಚ್ಚಿಕೊಂಡ ಗುಂಡು. ಹಾರಿಸಿದಾಗ ಕೇಸು ಉಬ್ಬಿ, ಬಂದೂಕಿನ ಒಳಗೆ ತಾನು ಕೂತ ಜಾಗಕ್ಕೆ, ಅಂದರೆ ಚೇಂಬರಿಗೆ, ಸರಿಯಾಗಿ ಒತ್ತಿಕೊಳ್ಳುತ್ತದೆ. ಹಾಗೆ ಒತ್ತಿಕೊಂಡ ಕೇಸು ಆ ಬಂದೂಕಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ. ಗುರಿ ಹೊಡೆಯುವವರು ಅದನ್ನು ಪೂರ್ತಿ ಕುಗ್ಗಿಸುವುದಿಲ್ಲ. ಕೊರಳನ್ನಷ್ಟೇ ಬಿಗಿ ಮಾಡಿ, ಹೊಸ ಗುಂಡು ಕೂರಿಸಿ ಮತ್ತೆ ಅದೇ ಬಂದೂಕಿಗೆ ಹಾಕುತ್ತಾರೆ. ಕೊರಳು ಬಿಗಿ ಮಾಡುವ ಸಾಧನವೇ ನೆಕ್ ಡೈ.

ಕ್ಲಬ್ಬಿಗೆ ಏಳು ಮಿಲಿಮೀಟರಿನ ಹೊಸ ಬಂದೂಕೊಂದು ಬಂದಿತ್ತು. ರಾಷ್ಟ್ರೀಯ ತಂಡದ ಆಯ್ಕೆಗೆ ನಿಲ್ಲಲಿದ್ದ ಒಬ್ಬ ಎಮಿರಾತಿ ಹುಡುಗಿಗಾಗಿ ತರಿಸಿದ್ದು. ಸುಬೇದಾರರ ಶಿಷ್ಯೆ. ಬಂದೂಕು ಬಂತು, ಅದರ ಕೇಸುಗಳು ಬರಲಿಲ್ಲ. ಆ ದೇಶದಲ್ಲಿ ತೋಟೆಗೆ ಸಂಬಂಧಪಟ್ಟ ಒಂದು ಹಿತ್ತಾಳೆ ಚೂರು ಬರಬೇಕಾದರೂ ಪರವಾನಗಿಯ ಮೇಲೆ ಪರವಾನಗಿ ಬೇಕು. ಆಯ್ಕೆಯ ದಿನವೋ ಹತ್ತಿರ ಬರುತ್ತಿತ್ತು. ಆದರೆ ಕ್ಲಬ್ಬಿನಲ್ಲಿ ಮೂವತ್ತು ಕ್ಯಾಲಿಬರಿನ, ಅಂದರೆ ಏಳೂವರೆ ಮಿಲಿಮೀಟರಿಗೂ ತುಸು ದಪ್ಪ ಗುಂಡಿನ, ಹಳೆಯ ಸೈನ್ಯದ ಕೇಸುಗಳು ಡಬ್ಬಗಟ್ಟಲೆ ಇದ್ದವು. ಎರಡರ ಮೈಕಟ್ಟು ಒಂದೇ, ಕೊರಳು ಮಾತ್ರ ಹಳೆಯ ಕೇಸಿನದು ಅಗಲ. ಅದನ್ನು ಏಳು ಮಿಲಿಮೀಟರಿಗೆ ಇಳಿಸಿದರೆ ಆಯಿತು ಎಂಬುದು ಸುಬೇದಾರರ ಲೆಕ್ಕ. ಕೈಯಲ್ಲಿದ್ದ ನೆಕ್ ಡೈ ಇನ್ನೊಂದು ಉದ್ದದ ತೋಟೆಯದು. ಅದನ್ನೇ ಹೊಂದಿಸಬೇಕಿತ್ತು.

ಮೊದಲನೆಯದಾಗಿ ಡೈ ಉದ್ದವಾಯಿತು. ಗಿಡ್ಡ ಕೇಸನ್ನು ಒಳಗೆ ತಳ್ಳಿದರೆ ಅದರ ಕೊರಳು ಮುಟ್ಟಬೇಕಾದ ಜಾಗ ಮುಟ್ಟುವ ಮೊದಲೇ ಕೇಸನ್ನು ತಳ್ಳುವ ಪ್ರೆಸ್ಸು ಬಂದು ಡೈಯ ಬುಡಕ್ಕೆ ತಾಗುತ್ತಿತ್ತು. ಬುಡದಿಂದ ಸುಮಾರು ಹತ್ತು ಮಿಲಿಮೀಟರ್ ಕತ್ತರಿಸಬೇಕು. ಗಟ್ಟಿಗೊಳಿಸಿದ ಉಕ್ಕು, ಲೇತಿನ ಕಾರ್ಬೈಡ್ ಟೂಲ್ ತಾಗಿದ್ದೇ ಮೂತಿ ಮುರಿದುಕೊಂಡಿತು. ಕಡೆಗೆ ತೆಳು ಗ್ರೈಂಡಿಂಗ್ ಚಕ್ರ ಹಾಕಿ, ಮೇಲಿಂದ ನೀರು ಬಿಡುತ್ತ ಕುಯ್ದೆ. ಆಮೇಲೆ ಕೊರಳಿನ ಭಾಗವನ್ನು ಪೂರ್ತಿ ಅಗಲ ಮಾಡಿ, ಅದರೊಳಗೆ ಕೂರುವ ಬೇರೆ ಬೇರೆ ಅಳತೆಯ ಉಕ್ಕಿನ ಬಳೆಗಳನ್ನು, ಅಂದರೆ ಬುಷ್‌ಗಳನ್ನು, ಮಾಡುವುದೆಂದು ತೀರ್ಮಾನಿಸಿದೆ. ಬುಷ್ ಬದಲಿಸಿದರೆ ಒಂದೇ ಡೈ ಹಲವು ತೋಟೆಗೆ ಆಗುತ್ತದೆ. ಸುಬೇದಾರರಿಗೆ ಈ ಉಪಾಯ ಬಹಳ ಹಿಡಿಸಿತು. ನನಗಂತೂ ನನ್ನ ಮೇಲೆಯೇ ಪ್ರೀತಿ ಉಕ್ಕಿತು.

ಆ ಪ್ರೀತಿ ಎರಡನೆಯ ದಿನಕ್ಕೇ ಇಳಿಯಿತು. ಗಿಡ್ಡ ಕೇಸಿನ ಹೆಗಲು, ಕೊರಳ ಕೆಳಗೆ ಮೈ ಅಗಲವಾಗುವ ಭಾಗ, ಉದ್ದ ಕೇಸಿನದಕ್ಕಿಂತ ಸ್ವಲ್ಪ ಅಗಲ; ಮೊದಲ ಕೇಸೇ ಡೈಯ ಒಳಗೋಡೆಗೆ ಉಜ್ಜಿ ಸಿಕ್ಕಿಕೊಂಡಿತು. ಎಳೆದರೆ ಬುಡ ಕಿತ್ತು ಬಂತು, ಮೈ ಒಳಗೇ ಉಳಿಯಿತು. ಅದನ್ನು ಕೊರೆದು ತೆಗೆದು, ಡೈಯ ಒಳಗೋಡೆಯನ್ನು ಸಣ್ಣ ಕಲ್ಲಿನಲ್ಲಿ ಸವೆಸಿ ಸಡಿಲ ಮಾಡಿದೆ. ಮುಂದಿನ ಕೇಸುಗಳ ಕೊರಳು ಬಿರಿದವು. ಹಳೆಯ ಹಿತ್ತಾಳೆ, ಏಟು ತಿಂದು ಗಡುಸಾಗಿತ್ತು. ತಟ್ಟೆಯಲ್ಲಿ ನೀರು ತುಂಬಿ, ಕೇಸುಗಳನ್ನು ಸೊಂಟದವರೆಗೆ ಮುಳುಗಿಸಿ ನಿಲ್ಲಿಸಿ, ಕೊರಳಿಗಷ್ಟೇ ಬೆಂಕಿ ತೋರಿಸಿ ಮೆತ್ತಗೆ ಮಾಡಿದೆವು. ಅಷ್ಟಾದ ಮೇಲೆ ಕೇಸಿಗೆ ಸವರಿದ ಎಣ್ಣೆ ಹೆಚ್ಚಾಗಿ ಹೆಗಲಲ್ಲಿ ಗುಳಿ ಬಿತ್ತು. ಎಣ್ಣೆ ಕಡಿಮೆ ಮಾಡಿ, ಒಂದೇ ಏಟಿಗೆ ಇಳಿಸದೆ ಎರಡು ಬುಷ್‌ಗಳಲ್ಲಿ ಹಂತ ಹಂತವಾಗಿ ಇಳಿಸಿದೆವು. ಹಿತ್ತಾಳೆ ಒತ್ತಿದ ಮೇಲೆ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಅದಕ್ಕಾಗಿ ಕೊನೆಯ ಬುಷ್‌ ಅನ್ನು ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಕಿರಿದು ಮಾಡಿ, ವಜ್ರದ ಪೇಸ್ಟಿನಲ್ಲಿ ಉಜ್ಜಿ ಕನ್ನಡಿಯಾಗಿಸಿದೆ. ಕೊರಳು ನೆಟ್ಟಗಿದೆಯೇ ಎಂದು ಡಯಲ್ ಗೇಜ್ ಇಟ್ಟು ತಿರುಗಿಸಿದರೆ ಮುಳ್ಳು ಅಲುಗಲೇ ಇಲ್ಲ. ಗುಂಡು ಕೂರಿಸಿದೆ. ಒಳ್ಳೆಯ ಹಿಡಿತ.

ಕೊರಳಿನ ಒಳ ಅಳತೆ ನೋಡಿದೆ. ಅದು ತಾನೇ ಗುಂಡನ್ನು ಹಿಡಿಯುವುದು. ಹೊರ ಅಳತೆ ನೋಡಬೇಕೆಂದು ನನಗೆ ಹೊಳೆಯಲಿಲ್ಲ. ಲೋಟದ ಡೈಯಲ್ಲಿ ತಗಡು ಎಳೆದಷ್ಟೂ ಗೋಡೆ ತೆಳ್ಳಗಾಗುತ್ತದೆ, ಹರಿಯದ ಹಾಗೆ ನೋಡಿಕೊಳ್ಳುವುದೇ ಅಲ್ಲಿನ ಚಿಂತೆ. ಗೋಡೆ ದಪ್ಪವಾದೀತು ಎಂಬ ಭಯವನ್ನು ಆ ಕೆಲಸದಲ್ಲಿ ಯಾರೂ ಪಟ್ಟಿದ್ದಿಲ್ಲ.

ಮದ್ದಿಲ್ಲದ, ಪ್ರೈಮರ್ ಇಲ್ಲದ ಒಂದು ತೋಟೆ ಮಾಡಿ ಹೊಸ ಬಂದೂಕಿಗೆ ಹಾಕಿ ನೋಡುವುದು ಸುಬೇದಾರರ ಪದ್ಧತಿ. ಬೋಲ್ಟ್, ಅಂದರೆ ಚೇಂಬರಿನ ಹಿಂಬಾಗಿಲು, ಮುಚ್ಚುವಾಗ ಕೊನೆಗೆ ಸ್ವಲ್ಪ ತಡೆಯಿತು, ಅಂಗೈ ಕೊಟ್ಟು ಒತ್ತಬೇಕಾಯಿತು.

"ಬೇರೆ ಬಂದೂಕಿನಲ್ಲಿ ಉಬ್ಬಿದ ಕೇಸು ಬೇಟಾ. ಮೈ ಬಿಗಿ ಇದೆ. ಒಂದು ಸಲ ಹಾರಿಸಿದರೆ ಇದಕ್ಕೇ ಒಗ್ಗುತ್ತದೆ" ಎಂದರು.

ನಾನೂ ಬೋಲ್ಟ್ ಎಳೆದು ಮುಚ್ಚಿ ನೋಡಿದೆ. ಕೈಗೆ ಹಿತವೆನಿಸಿತು. ಫಿಟ್ಟರ್ ಆದವನಿಗೆ ಬಿಗಿಯಾಗಿ ಕೂತದ್ದೆಲ್ಲ ಚೆಂದ, ಲೊಡಲೊಡ ಅನ್ನುವುದೆಲ್ಲ ಕೆಟ್ಟದ್ದು. "ಫಸ್ಟ್ ಕ್ಲಾಸ್ ಫಿಟ್" ಎಂದೆ. ಅವರು ನನ್ನ ಮಾತು ನಂಬಿದರು, ನಾನು ಅವರ ಮಾತು ನಂಬಿದೆ. ಅವರ ಪ್ರಾಯವೆಲ್ಲ ಸೈನ್ಯದ ಬಂದೂಕುಗಳ ಜೊತೆ ಕಳೆದದ್ದು. ಮಣ್ಣು ಮೆತ್ತಿದರೂ ತೋಟೆ ಒಳಗೆ ಹೋಗಬೇಕೆಂದು ಅವುಗಳ ಚೇಂಬರನ್ನು ಧಾರಾಳವಾಗಿ ಕೊರೆದಿರುತ್ತಾರೆ. ಗುರಿ ಸ್ಪರ್ಧೆಯ ಬಂದೂಕಿನ ಚೇಂಬರ್ ಹಾಗಲ್ಲ.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಕ್ಲಬ್ಬಿನ ನರ್ಸ್ ಎದುರಿಗೆ ಬಂದು ಕೂತರು. ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು, ಪ್ರಥಮ ಚಿಕಿತ್ಸೆಯ ಕೋಣೆ ಅವರದ್ದು. ಅಲ್ಲಿ ನನ್ನ ಜೊತೆ ಕನ್ನಡ ಆಡುವ ಏಕೈಕ ಜೀವ.

"ಎಂತ ಆಚಾರ್ರೆ, ನಿಮ್ಮ ಕುತ್ತಿಗೆ ಕೆಲಸ ಎಲ್ಲಿಗೆ ಬಂತು?"

"ಮುಗೀತು ಸಿಸ್ಟರ್. ನಾಳೆ ಹೊಡೆದು ನೋಡ್ಲಿಕ್ಕೆ ಉಂಟು."

"ಜಾಗ್ರತೆ ಮಾರಾಯ್ರೆ. ನನ್ನ ಹತ್ರ ಇರುದು ಬ್ಯಾಂಡೇಜು, ಡೆಟ್ಟಾಲು, ಕಣ್ಣು ತೊಳಿಲಿಕ್ಕೆ ಒಂದು ಬಾಟ್ಲಿ ನೀರು."

ನಾನು ನಕ್ಕೆ. ಅವರು ತಂದ ಮೀನಿನ ಚಟ್ನಿ ಹಾಕಿಸಿಕೊಂಡು ಇನ್ನೊಂದು ತುತ್ತು ಹೆಚ್ಚೇ ಉಂಡೆ.

ಮರುದಿನ ಬೆಳಿಗ್ಗೆ ಸುಬೇದಾರರು ಚಾಪೆ ಹಾಸಿ ಮಲಗಿ ಬಂದೂಕು ಹೆಗಲಿಗೆ ಕೊಟ್ಟರು. ಬೇಸಗೆಯ ಕೊನೆ, ಗಾಳಿಯ ತುಂಬ ತೇವ. ಎಸಿ ಕೋಣೆಯಿಂದ ಹೊರಗೆ ಬಂದೊಡನೆ ಕನ್ನಡಕ ಮಂಜಾಗುವುದು ಅಲ್ಲಿ ಎಲ್ಲರ ಪಾಡು. ಅವರು ಎರಡು ಸಲ ಒರೆಸಿದರು. ಮತ್ತೆ ಮಂಜಾಯಿತು. ಥತ್ ಎಂದು ಕನ್ನಡಕವನ್ನು ಹಣೆಯ ಮೇಲಕ್ಕೆ ತಳ್ಳಿದರು. ಬೋಲ್ಟನ್ನು ಅಂಗೈಯಿಂದ ಒತ್ತಿ ಮುಚ್ಚಿದರು. ನಾನು ಹಿಂದೆ ಕಿವಿ ಮುಚ್ಚಿ ನಿಂತಿದ್ದೆ.

ಸದ್ದು ಬೇರೆಯೇ ಬಂತು. ಅದಕ್ಕೆ ಮೊದಲು ಅಲ್ಲಿ ಎಷ್ಟೋ ಸಲ ಬಂದೂಕಿನ ಸದ್ದು ಕೇಳಿದ್ದೆ, ಇದು ಒಣ ಮರ ಸೀಳಿದಂತಿತ್ತು. ಬೋಲ್ಟಿನ ಬುಡದಿಂದ ಬಿಳಿ ಹೊಗೆ ಹೊರಗೆ ನುಗ್ಗಿತು. ಸುಬೇದಾರರು ಕೂಗಲಿಲ್ಲ. ಬಂದೂಕಿನ ಮೂತಿಯನ್ನು ಗುರಿಯ ಕಡೆಗೇ ಇಟ್ಟು ಮೆಲ್ಲಗೆ ಕೆಳಗಿಟ್ಟರು. ಆಮೇಲೆ ಬಲಗಣ್ಣಿನ ಮೇಲೆ ಕೈ ಇಟ್ಟುಕೊಂಡು ಎದ್ದು ಕೂತರು. ಬೆರಳ ಸಂದಿಯಿಂದ ರಕ್ತ ಇಳಿದು ಇಸ್ತ್ರಿ ಅಂಗಿಯ ಮೇಲೆ ಬಿತ್ತು. ಓಡಬೇಕೆಂದು ಗೊತ್ತಿತ್ತು, ನಿಂತಲ್ಲೇ ನಿಂತಿದ್ದೆ. ನಾನು ಮಾಡಿದ್ದು, ನಾನು ಮಾಡಿದ್ದು ಎಂಬ ಒಂದೇ ಮಾತು ತಲೆಯೊಳಗೆ ಸುತ್ತುತ್ತಿತ್ತು.

ನರ್ಸ್ ಓಡಿ ಬಂದು ಕಣ್ಣು ತೊಳೆದರು. ಬಾಟ್ಲಿ ಖಾಲಿಯಾಯಿತು. ಕ್ಲಬ್ಬಿನ ಕಾರಿನಲ್ಲಿ ಸುಬೇದಾರರನ್ನು ಅಬುಧಾಬಿಯ ಆಸ್ಪತ್ರೆಗೆ ಕರೆದೊಯ್ಯುವಾಗ, ಬಾಗಿಲು ಹಾಕುವ ಮೊದಲು ನನ್ನನ್ನು ನೋಡಿ ತಗ್ಗಿದ ದನಿಯಲ್ಲಿ ಹೇಳಿದರು, "ಒಳಗೆ ಹಿತ್ತಾಳೆ ಚೂರು ಕಾಣ್ತಾ ಉಂಟು. ಪ್ರಾರ್ಥನೆ ಮಾಡಿ."

ನಾನು ಪ್ರಾರ್ಥನೆ ಮಾಡಲಿಲ್ಲ. ಬಂದೂಕಿನ ಹತ್ತಿರ ಹೋದೆ. ಬೋಲ್ಟ್ ಜಪ್ಪಯ್ಯ ಅಂದರೂ ಏಳಲಿಲ್ಲ. ಮರದ ಸುತ್ತಿಗೆಯಿಂದ ಬಡಿದು ಬಡಿದು ತೆರೆದೆ. ಕೇಸಿನ ಬುಡದ ಪ್ರೈಮರ್ ಇದ್ದ ಕಡೆ ಕರಕಲು ತೂತು. ಒತ್ತಡ ತಡೆಯಲಾರದೆ ಅದು ಹಿಂದಕ್ಕೆ ಹಾರಿತ್ತು. ದೂರದ ಗುರಿಹಲಗೆಯಲ್ಲಿ ನೋಡಿದರೆ ಗುಂಡಿನ ತೂತು ನಡುವಿನ ಕಪ್ಪಿನಲ್ಲೇ ಬಿದ್ದಿತ್ತು. ಅದನ್ನು ಕಂಡು ಇನ್ನಷ್ಟು ದಿಗಿಲಾಯಿತು. ಮುಂದೆ ಎಲ್ಲವೂ ಸರಿಯಾಗಿತ್ತು, ಹಿಂದೆ ಒಬ್ಬ ಮನುಷ್ಯನ ಕಣ್ಣು ಹೋಗಿತ್ತು.

ಮದ್ದು ಹೆಚ್ಚಾಗಿತ್ತೇ? ಉಳಿದ ತೋಟೆಗಳಲ್ಲಿ ಕೆಲವನ್ನು ಬಿಚ್ಚಿ ತೂಗಿದೆ, ಸುಬೇದಾರರ ತೂಕ ಸರಿಯಾಗಿತ್ತು. ಏನು ಮಾಡಬೇಕೆಂದು ತೋಚದೆ ಹಾರಿಸಿದ ಕೇಸನ್ನು ಒಂದು ಕೈಯಲ್ಲಿ, ಹೊಸ ಗುಂಡನ್ನು ಇನ್ನೊಂದು ಕೈಯಲ್ಲಿ ಹಿಡಿದು ಕೂತಿದ್ದೆ. ಸುಮ್ಮನೆ ಗುಂಡನ್ನು ಕೇಸಿನ ಬಾಯಿಗಿಟ್ಟೆ. ಒಳಗೆ ಹೋಗಲಿಲ್ಲ. ಒತ್ತಿದೆ. ಹೋಗಲಿಲ್ಲ. ಹಾರಿಸಿದ ಮೇಲೆ ಕೊರಳು ಅಗಲವಾಗಿ ಗುಂಡು ಸಲೀಸಾಗಿ ಜಾರಬೇಕು, ಹಾಗಾಗಿಯೇ ಅಲ್ಲವೇ ಮತ್ತೆ ಬಿಗಿ ಮಾಡಲು ನೆಕ್ ಡೈ ಬೇಕಾಗುವುದು! ಈ ಕೊರಳಿಗೆ ಅಗಲವಾಗಲು ಜಾಗವೇ ಇರಲಿಲ್ಲ. ಚೇಂಬರಿನ ಗೋಡೆ ಅದನ್ನು ಅಮುಕಿ ಹಿಡಿದಿತ್ತು, ಅದು ಗುಂಡನ್ನು ಅಮುಕಿ ಹಿಡಿದಿತ್ತು. ಗುಂಡು ಸಲೀಸಾಗಿ ಹೊರಡದೆ ಒತ್ತಡ ಏರಿ ಹಿಂದಕ್ಕೆ ನುಗ್ಗಿತ್ತು.

ಗಂಧಕ ಕರಗಿಸಿ ಚೇಂಬರಿನೊಳಗೆ ಎರಕ ಹೊಯ್ದೆ. ಗಟ್ಟಿಯಾದ ಹಳದಿ ಅಚ್ಚನ್ನು ಮೆಲ್ಲಗೆ ತಳ್ಳಿ ತೆಗೆದು, ಅದರ ಕೊರಳಿಗೆ ಮೈಕ್ರೋಮೀಟರ್ ಇಟ್ಟೆ. ಆಮೇಲೆ ನಾವು ಮಾಡಿದ ತೋಟೆಯ ಕೊರಳಿಗೆ ಇಟ್ಟೆ. ತೋಟೆಯೇ ದಪ್ಪ. ಅಗಲದ ಬಾಯಿಯನ್ನು ಕಿರಿದು ಮಾಡಿದಾಗ ಅಷ್ಟೂ ಹಿತ್ತಾಳೆ ಎಲ್ಲಿಗೆ ಹೋಗಬೇಕು? ಗೋಡೆಗೇ ಸೇರಿಕೊಂಡಿತ್ತು. ಮೊದಲೇ ಸೈನ್ಯದ ಕೇಸಿನ ಗೋಡೆ ದಪ್ಪ. ನನ್ನ ಡೈ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. ಬೋಲ್ಟಿನ ಆ ಬಿಗಿ ಮೈಯದ್ದಲ್ಲ, ಕೊರಳಿನದು. ನಾನು ಅದಕ್ಕೆ ಫಸ್ಟ್ ಕ್ಲಾಸ್ ಎಂದಿದ್ದೆ.

ಸಂಜೆ ಕ್ಲಬ್ಬಿನ ಮುದೀರ್ ಬಂದರು, ಮ್ಯಾನೇಜರು. ಒಳ್ಳೆಯವರೇ, ಆದರೆ ಮೇಲಿನವರಿಗೆ ಉತ್ತರ ಕೊಡಬೇಕಾದ ಮನುಷ್ಯ. ಇಂಗ್ಲಿಷಿನಲ್ಲಿ ಕೇಳಿದರು, "ಗುರಿಗೆ ತಗುಲಿದೆಯಲ್ಲ? ಪ್ರೈಮರ್ ಕೆಟ್ಟದಿರಬೇಕು. ಮದ್ದು ಸ್ವಲ್ಪ ಕಡಿಮೆ ಮಾಡಿ ಮುಂದುವರಿಸಿ. ಆಯ್ಕೆಗೆ ನಿಲ್ಲುವ ಹುಡುಗಿ ನಾಡಿದ್ದು ಬರುತ್ತಾಳೆ."

"ಆಗುವುದಿಲ್ಲ ಸರ್" ಎಂದೆ.

"ನಿಮ್ಮ ಕಂಪನಿಗೆ ಫೋನ್ ಮಾಡಬೇಕಾಗುತ್ತದೆ."

ಅದರ ಅರ್ಥ ಗಲ್ಫಿನಲ್ಲಿ ಎಲ್ಲರಿಗೂ ಗೊತ್ತು. ವೀಸಾ ಕ್ಯಾನ್ಸಲ್, ಟಿಕೆಟ್, ಊರು. ಬೇರೆ ದಿನವಾಗಿದ್ದರೆ ನಾನು ತಲೆ ತಗ್ಗಿಸುತ್ತಿದ್ದೆನೋ ಏನೋ. ಅಂದು ನನ್ನ ಕಣ್ಣ ಮುಂದೆ ರಕ್ತ ಬಿಟ್ಟರೆ ಬೇರೇನೂ ಇರಲಿಲ್ಲ. ಹಾರಿಸಿದ ಕೇಸನ್ನೂ ಒಂದು ಗುಂಡನ್ನೂ ಅವರ ಕೈಗಿಟ್ಟು, "ಒಳಗೆ ಹಾಕಿ ಸರ್" ಎಂದೆ. ಅವರು ಪ್ರಯತ್ನಿಸಿದರು. ಇನ್ನೊಮ್ಮೆ ಪ್ರಯತ್ನಿಸಿದರು. ಆಮೇಲೆ ಕುರ್ಚಿ ಎಳೆದು ಕೂತರು. ನಾನು ಮಾಡಿಟ್ಟ ತೋಟೆಗಳಲ್ಲಿ ಉಳಿದವನ್ನೂ ಅವರೆದುರಿಗೇ ಒಂದೊಂದಾಗಿ ಬಿಚ್ಚಿದೆ. ಅವರು ಫೋನ್ ಮಾಡಲಿಲ್ಲ.

ಬೆಳಗಾದ ಮೇಲೆ ಹೊಸ ಕೆಲಸ. ಕೊರಳಿನ ಒಳಗೆ ಸರಿಯಾಗಿ ಕೂರುವ ಉಕ್ಕಿನ ಕಡ್ಡಿ ಮಾಡಿ, ಅದರ ಪಕ್ಕಕ್ಕೆ ಚೂಪು ಟೂಲೊಂದನ್ನು ಬಿಗಿದು, ಪ್ರತಿ ಕೇಸನ್ನೂ ಕೈಯಲ್ಲಿ ತಿರುಗಿಸುತ್ತ ಕೊರಳಿನ ಹೊರಮೈ ಕೆತ್ತಿದೆ. ಹಿತ್ತಾಳೆಯ ತೆಳು ಸಿಪ್ಪೆ ಕೊಬ್ಬರಿ ತುರಿಯಂತೆ ಮೇಜಿನ ಮೇಲೆ ಬಿತ್ತು. ಗೋಡೆ ತೆಳ್ಳಗಾದ್ದರಿಂದ ಹಳೆಯ ಬುಷ್ ಸಡಿಲವಾಯಿತು. ಹೊಸದೊಂದನ್ನು ಇನ್ನೂ ಕಿರಿದಾಗಿ ಮಾಡಿದೆ. ಈ ಸಲ ಒಳ ಅಳತೆ, ಹೊರ ಅಳತೆ ಎರಡನ್ನೂ ನೋಡಿದೆ. ನೋಡಿದ್ದನ್ನೇ ಮತ್ತೆ ನೋಡಿದೆ. ಗುಂಡು ಕೂರಿಸಿದ ಮೇಲೆ ಕೊರಳಿನ ಸುತ್ತ ಚೇಂಬರಿನಲ್ಲಿ ಉಸಿರಾಡುವಷ್ಟು ಜಾಗ ಉಳಿಯಿತು. ಖಾಲಿ ತೋಟೆ ಹಾಕಿದಾಗ ಬೋಲ್ಟ್ ಒಂದೇ ಬೆರಳಿಗೆ ಮುಚ್ಚಿತು. ಅದನ್ನು ಮತ್ತೆ ಮತ್ತೆ ತೆರೆದು ಮುಚ್ಚಿ ನೋಡಿದೆ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಹೇಳುವ ಧೈರ್ಯವೇ ನನ್ನಲ್ಲಿ ಉಳಿದಿರಲಿಲ್ಲ.

ಮಧ್ಯಾಹ್ನ ನರ್ಸ್ ಆಸ್ಪತ್ರೆಯಿಂದ ಫೋನ್ ಮಾಡಿದರು.

"ಆಪರೇಷನ್ ಆಯ್ತು ಆಚಾರ್ರೆ. ಚೂರು ತೆಗ್ದಿದ್ದಾರೆ. ಬೆಳಕು ಕಾಣ್ತದಂತೆ. ಅಕ್ಷರ ಓದ್ಲಿಕ್ಕೆ ಆಗುದಿಲ್ಲ, ಇನ್ನು ಆಗುದೂ ಇಲ್ಲ ಅಂತ ಡಾಕ್ಟ್ರು ಹೇಳಿದ್ರು."

ನಾನು ಕೈಯಲ್ಲಿದ್ದ ಕೇಸನ್ನು ಮೇಜಿನ ಮೇಲಿಟ್ಟೆ.

"ಕೇಳ್ತಾ ಉಂಟಾ? ಅವ್ರು ನಿಮ್ಗೆ ಒಂದು ಮಾತು ಹೇಳ್ಲಿಕ್ಕೆ ಹೇಳಿದ್ದಾರೆ. ಮುಂದಿನದ್ದನ್ನು ಹಗ್ಗ ಕಟ್ಟಿ ಹೊಡೀಬೇಕಂತೆ. ಯಾರೂ ಹತ್ರ ಇರ್ಬಾರ್ದಂತೆ."

ಬಂದೂಕಿನ ಜೊತೆಯಲ್ಲೇ ಬಂದಿದ್ದ ಇನ್ನೊಂದು ಬೋಲ್ಟ್ ಹಾಕಿ, ಅದನ್ನು ಮರಳಿನ ಚೀಲಗಳ ನಡುವೆ ಬಿಗಿದು, ಬಂದೂಕಿನ ಕುದುರೆಗೆ, ಅಂದರೆ ಟ್ರಿಗರಿಗೆ, ಹಗ್ಗ ಕಟ್ಟಿ, ಗೋಡೆಯ ಹಿಂದೆ ನಿಂತು ಎಳೆದೆ. ಸದ್ದು ಸರಿಯಾಗಿತ್ತು. ಬೋಲ್ಟ್ ಸಲೀಸಾಗಿ ಎದ್ದಿತು. ಕೇಸಿನ ಬಾಯಿಗೆ ಗುಂಡು ಇಟ್ಟರೆ ತಾನೇ ಒಳಕ್ಕೆ ಜಾರಿತು. ಇನ್ನೊಂದು ಹಾರಿಸಿದೆ. ಮತ್ತೊಂದು. ಪ್ರತಿ ಸಲವೂ ಗುಂಡು ಜಾರಿತು. ಮುದೀರ್ ನನ್ನ ಬೆನ್ನು ತಟ್ಟಿ "ಖಲಾಸ್" ಎಂದರು. ನನಗೆ ಸಮಾಧಾನ ಬರಲಿಲ್ಲ.

ಆ ಹುಡುಗಿ ಮರುದಿನ ಬೆಳಿಗ್ಗೆ ಬಂದಳು. ಕಪ್ಪು ಶೇಲಾ ಬಿಗಿಯಾಗಿ ಸುತ್ತಿದ ತಲೆ, ಹದಿನೆಂಟೋ ಹತ್ತೊಂಬತ್ತೋ ಪ್ರಾಯ. ಆಸ್ಪತ್ರೆಯಿಂದ ನೇರ ಬಂದಿದ್ದಳು. ಅವಳ ಮನೆಯಲ್ಲಿ ಎಲ್ಲರಿಗೂ ಹಿಂದಿ ಬರುತ್ತಿತ್ತಂತೆ, ನನ್ನ ಜೊತೆ ಹಿಂದಿಯಲ್ಲೇ ಮಾತಾಡಿದಳು.

"ಈ ತೋಟೆ ಮಾಡಿದವರು ಯಾರು?"

"ನಾನು."

"ಉಸ್ತಾದರ ಕೈಗೆ ಕೊಟ್ಟದ್ದನ್ನು ಮಾಡಿದ್ದೂ ನೀವೇ?"

"ಹೌದು."

ಮುದೀರ್ ನಡುವೆ ಬಂದು, ಹಗ್ಗ ಕಟ್ಟಿ ಪರೀಕ್ಷೆ ಮಾಡಿದ್ದೇವೆ, ಎಲ್ಲ ಸರಿ ಇದೆ ಎಂದು ಅರಬ್ಬಿಯಲ್ಲಿ ವಿವರಿಸಿದರು. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. "ಹಗ್ಗಕ್ಕೆ ಕಣ್ಣಿಲ್ಲ. ಮೊದಲು ನೀವು ಮಲಗಿ ಹೊಡೆಯಿರಿ."

ನಾನು ಜನ್ಮದಲ್ಲಿ ಬಂದೂಕು ಹಾರಿಸಿದವನಲ್ಲ. ಮುದೀರ್ ಬೇಡ ಎಂದು ಕೈಯಾಡಿಸಿದರು. ಅವಳು ಅಲುಗಲಿಲ್ಲ. ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು? ಚಾಪೆಯ ಮೇಲೆ ಮಲಗಿದೆ. ಅವಳೇ ಪಕ್ಕದಲ್ಲಿ ಕೂತು ಹೆಗಲಿಗೆ ಹೇಗೆ ಒತ್ತಬೇಕು, ಕೆನ್ನೆ ಎಲ್ಲಿಡಬೇಕು ಎಂದು ತೋರಿಸಿದಳು. ತನ್ನ ಶೂಟಿಂಗ್ ಕನ್ನಡಕ ತೆಗೆದು ನನಗೆ ಹಾಕಿದಳು. ಬೋಲ್ಟ್ ಕಣ್ಣಿಗೆ ಎಷ್ಟು ಹತ್ತಿರ ಇರುತ್ತದೆಂದು ಆವರೆಗೆ ನನಗೆ ಗೊತ್ತಿರಲಿಲ್ಲ. ಗೇಣಿಗೂ ಕಡಿಮೆ. ಇಷ್ಟು ಹತ್ತಿರಕ್ಕೆ ಮುಖ ಕೊಟ್ಟು ಮಲಗುವವರಿಗಾಗಿ ನಾನು ಅಷ್ಟು ದಿನ ಮೇಜಿನ ಮೇಲೆ ಹಿತ್ತಾಳೆ ಒತ್ತುತ್ತಿದ್ದೆ ಎಂದು ಆಗ ಗೊತ್ತಾಯಿತು. ಕುದುರೆ ಎಳೆದೆ. ಹೆಗಲಿಗೆ ಗುದ್ದಿದಂತಾಯಿತು, ಅಷ್ಟೇ. ಬದುಕಿದೆ ಎಂದುಕೊಂಡೆ.

"ಕಣ್ಣು ಮುಚ್ಚಿದ್ದಿರಿ" ಎಂದಳು ಅವಳು.

ಹೌದು, ಎರಡನ್ನೂ ಮುಚ್ಚಿದ್ದೆ.

"ಉಸ್ತಾದರು ಮುಚ್ಚಿರಲಿಲ್ಲ. ಇನ್ನೊಂದು ಹಾಕಿ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಇನ್ನೊಂದು ತೋಟೆ ಹಾಕಿದೆ. ಬೋಲ್ಟ್ ಮುಚ್ಚಿದೆ. ಮೈಕ್ರೋಮೀಟರಿನ ಪ್ರತಿಯೊಂದು ಗೆರೆ ನನ್ನ ನೆನಪಿನಲ್ಲಿತ್ತು, ಅಳತೆ ಸರಿ ಇದೆ ಎಂದು ಬುದ್ಧಿಗೆ ಗೊತ್ತಿತ್ತು. ಆದರೂ ರೆಪ್ಪೆ ತಾನಾಗಿ ಇಳಿಯುತ್ತಿತ್ತು. ಬಲವಂತದಿಂದ ಎತ್ತಿ ಹಿಡಿದೆ. ದೂರದಲ್ಲಿ ಗುರಿಹಲಗೆ, ಅದರ ಹಿಂದೆ ಮರಳು, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಎಳೆದೆ.

ಅವಳು ಬಾಗಿ ಬೋಲ್ಟ್ ಎತ್ತಿ, ಬಿಸಿ ಕೇಸನ್ನು ಕೈಗೆ ತೆಗೆದುಕೊಂಡು, ಒಂದು ಗುಂಡನ್ನು ಅದರ ಬಾಯಿಗೆ ಬಿಟ್ಟಳು. ಅದು ಒಳಗೆ ಜಾರಿತು. ನಂತರ ನನ್ನ ಮುಖದಿಂದ ಕನ್ನಡಕ ತೆಗೆದು ತಾನು ಹಾಕಿಕೊಂಡು, "ಈಗ ಏಳಿ, ಜಾಗ ಬಿಡಿ" ಎಂದಳು.